ಮನೆಮಂದಿಯೆಲ್ಲ ಸೇರಿ ಆಡೋ ಗೇಮ್ ಬೇಕಾ?

ರಜೆಯಲ್ಲಿ ಮಕ್ಕಳ ಜೊತೆ ಕೂತು ಆಡೋಕೆ ಗೇಮ್ ಹುಡುಕ್ತಿರೋರು ಓಡ್ತಾ ಹಾರ್ತಾ ಆಡೋ ವಿಡಿಯೋ ಗೇಮ್ ‘ರೇಮನ್ ಲೆಜೆಂಡ್ಸ್’ ನೋಡಿ. 2011ರ ‘ರೇಮನ್ ಒರಿಜಿನ್ಸ್’ನ ಮುಂದಿನ ಭಾಗ, ಬಂದಿದ್ದು 2013ರಲ್ಲಿ. ಹಳೇದು ಅಂತ ಮೂಗು ಮುರೀಬೇಡಿ, ಕೈಯಲ್ಲಿ ಬರೆದಂಥ ಚಿತ್ರಗಳು ಇವತ್ತಿಗೂ ಕಣ್ಣಿಗೆ ಹಬ್ಬ. ಮೊದಲನೇದನ್ನ ಆಡಿರಲೇಬೇಕು ಅಂತೇನಿಲ್ಲ. ಅದರ 40 ಲೆವೆಲ್ ಇದರೊಳಗೇ ಸಿಗುತ್ತೆ.

ಒಂದೇ ಟಿವಿ ಮುಂದೆ ನಾಲ್ಕು ಜನ ಆಡಬಹುದು. ಸತ್ತವರು ಔಟ್ ಆಗಲ್ಲ, ಗುಳ್ಳೆಯಾಗಿ ತೇಲ್ತಾರೆ. ಜೊತೆಯವರು ಒಂದು ಏಟು ಕೊಟ್ಟರೆ ಗುಳ್ಳೆ ಒಡೆದು ಮತ್ತೆ ಆಟಕ್ಕೆ! ಎಲ್ಲರೂ ಗುಳ್ಳೆಯಾದ್ರೆ ಮಾತ್ರ ಸ್ವಲ್ಪ ಹಿಂದಿನಿಂದ ಶುರು. ಇಷ್ಟು ಲೈಫ್ ಅಷ್ಟೇ ಅನ್ನೋ ಲೆಕ್ಕವೇ ಇಲ್ಲ, ಹಾಗಾಗಿ ಚಿಕ್ಕವರು ಮುನಿಸಿಕೊಂಡು ಕಂಟ್ರೋಲರ್ ಬಿಸಾಕೋದು ಕಮ್ಮಿ. ಕಷ್ಟದ ಜಾಗದಲ್ಲಿ ಎಲ್ಲರೂ ಒಟ್ಟಿಗೆ ಹಾರಬೇಡಿ. ಚೆನ್ನಾಗಿ ಆಡೋರು ಒಬ್ಬರು ದಾಟಲಿ, ಉಳಿದವರು ಗುಳ್ಳೆಯಲ್ಲೇ ತೇಲಿಕೊಂಡು ಬರಲಿ. ನಾಚಿಕೆಯೇನಿಲ್ಲ.

ಸಂಗೀತದ ಲೆವೆಲ್‌ಗಳೇ ಇದರ ಜೀವ. ಡ್ರಮ್ ಏಟಿಗೆ ಸರಿಯಾಗಿ ಹಾರಬೇಕು, ಒದೀಬೇಕು. ಟಿವಿ ಮ್ಯೂಟ್ ಮಾಡಿ ಆಡಿದ್ರೆ ಅರ್ಧ ಮಜಾ ಹೋಯ್ತು. ಟೈಮ್ ಓಡ್ತಾ ಇರೋ ‘ಇನ್ವೇಷನ್’ ಲೆವೆಲ್‌ಗಳನ್ನ ಮಕ್ಕಳು ಮಲಗಿದ ಮೇಲೆ ನೀವೇ ನೋಡ್ಕೊಳ್ಳಿ.

ಕೊಳ್ಳೋ ಮುಂಚೆ ಒಂದು ವಿಷಯ: ಒಟ್ಟಿಗೆ ಆಡೋದು ಒಂದೇ ಮನೆಯಲ್ಲಿ ಮಾತ್ರ, ಆನ್‌ಲೈನ್‌ನಲ್ಲಿ ಅಲ್ಲ. ಕಂಟ್ರೋಲರ್ ಎಷ್ಟಿವೆ ಎಣಿಸ್ಕೊಳ್ಳಿ.