ಕೋಟು ಹೊಲಿಸೋ ಗಂಡಸರೇ, ಒಂದ್ಸಲ ಬೆನ್ನು ತಿರುಗಿಸಿ ನಿಲ್ಲಿ

ಗಂಡಸರು ಹೊಸ ಬಟ್ಟೆ ಹಾಕ್ಕೊಂಡು ಕನ್ನಡಿ ಮುಂದೆ ನಿಂತ್ರೆ ಏನ್ ಮಾಡ್ತಾರೆ ಗೊತ್ತಾ, ಉಸಿರು ಎಳ್ಕೊಂಡು ಹೊಟ್ಟೆ ಒಳಗೆ ಹಾಕ್ತಾರೆ, ಎದೆ ಉಬ್ಬಿಸ್ತಾರೆ, ಫೋಟೋ ತೆಗೆಸ್ಕೊಳ್ಳೋಕೆ ನಿಂತ ಹಾಗೆ ನಿಂತು ಪರವಾಗಿಲ್ಲ ಚೆನ್ನಾಗಿದೆ ಅಂತ ತಮಗೆ ತಾವೇ ಸರ್ಟಿಫಿಕೇಟ್ ಕೊಟ್ಕೋತಾರೆ. ಹಿಂದೆ ಏನಾಗಿದೆ ಅಂತ ನೋಡೋ ಕರ್ಮ ನಮ್ಮದು. ನಾನು 35 ವರ್ಷದಿಂದ ಮನೇಲಿ ಹೊಲಿಗೆ ಮಿಷನ್ ಇಟ್ಕೊಂಡಿದೀನಿ, ಯಜಮಾನ್ರದ್ದು, ಮೈದುನಂದು, ಇಬ್ರು ಮಕ್ಕಳದ್ದು, ಈಗ ಅಳಿಯಂದ್ರದ್ದೂ ಸೇರಿ ಎಷ್ಟು ಪ್ಯಾಂಟು ಕೋಟು ಬಿಚ್ಚಿ ಸರಿ ಮಾಡಿದೀನೋ ಲೆಕ್ಕ ಇಟ್ಟಿಲ್ಲ. ಅದಕ್ಕೇ ಹೇಳ್ತೀನಿ, ಫಿಟಿಂಗ್ ಅನ್ನೋದು ಬೆನ್ನಲ್ಲಿ ಗೊತ್ತಾಗತ್ತೆ, ಎದೇಲಲ್ಲ.

ಮೊದಲು ನೋಡಬೇಕಾದ್ದು ಭುಜ. ತೋಳು ಬಂದು ಸೇರೋ ಹೊಲಿಗೆ ನಿಮ್ಮ ಭುಜದ ಮೂಳೆ ಎಲ್ಲಿ ಮುಗಿಯತ್ತೋ ಅಲ್ಲೇ ಮುಗೀಬೇಕು, ಆಚೆಗೂ ಹೋಗಬಾರದು ಈಚೆಗೂ ಬರಬಾರದು. ಅನುಮಾನ ಇದ್ರೆ ಗೋಡೆ ಪಕ್ಕ ನಿಂತು ನಿಧಾನಕ್ಕೆ ಒರಗಿ, ನಿಮ್ಮ ತೋಳು ತಾಗೋ ಮುಂಚೆ ಕೋಟಿನ ಪ್ಯಾಡ್ ಗೋಡೆಗೆ ತಾಗ್ತು ಅಂದ್ರೆ ಭುಜ ದೊಡ್ಡದಾಯ್ತು ಅಂತ ಅರ್ಥ. ಇದನ್ನ ಯಾಕೆ ಮೊದಲು ಹೇಳಿದೆ ಅಂದ್ರೆ ಸೊಂಟ ಹಿಡಿಸಬಹುದು, ತೋಳು ಗಿಡ್ಡ ಮಾಡಬಹುದು, ಭುಜ ಮಾತ್ರ ಕೆಡ್ತು ಅಂದ್ರೆ ಕಾಲರ್ ಬಿಚ್ಚಬೇಕು, ತೋಳು ಬಿಚ್ಚಬೇಕು, ಲೈನಿಂಗ್ ಬಿಚ್ಚಬೇಕು, ಅಷ್ಟು ಬಿಚ್ಚಿದ ಮೇಲೆ ಅದು ಮತ್ತೆ ಮೊದಲಿನ ಹಾಗೆ ಕೂರೋದು ಕಷ್ಟ. ಅದಕ್ಕೆ ರೆಡಿಮೇಡ್ ತಗೊಳ್ಳೋರು ಎದೆ ಸೈಜ್ ನೋಡಿದ ಮೇಲೆ ಭುಜ ಕೂತಿದೆಯಾ ಅಂತ ನೋಡಿ, ಕೂತಿಲ್ಲ ಅಂದ್ರೆ ಎಷ್ಟೇ ಡಿಸ್ಕೌಂಟ್ ಇದ್ರೂ ಅಲ್ಲೇ ಬಿಟ್ಟು ಬನ್ನಿ. ಇನ್ನೊಂದು, ತುಂಬಾ ಜನಕ್ಕೆ ಒಂದು ಭುಜ ಇನ್ನೊಂದಕ್ಕಿಂತ ಸ್ವಲ್ಪ ಇಳಿದಿರತ್ತೆ, ಅದೇನು ಕಾಯಿಲೆ ಅಲ್ಲ. ಇಳಿದಿರೋ ಕಡೆ ಕೋಟಲ್ಲಿ ಕುತ್ತಿಗೆಯಿಂದ ಕಂಕುಳಿಗೆ ಓರೆಯಾಗಿ ಒಂದು ಸುಕ್ಕು ಬೀಳತ್ತೆ, ಆ ಕಡೆ ಒಳಗೆ ಪ್ಯಾಡ್ ಒಂಚೂರು ದಪ್ಪ ಹಾಕಿ ಅಂತ ಟೇಲರ್‌ಗೆ ಹೇಳಿದ್ರೆ ಸರಿಹೋಗತ್ತೆ. ಹೇಳೋಕೆ ನಾಚಿಕೆ ಪಟ್ಕೋಬೇಡಿ, ಅವರು ದಿನಾ ನೋಡ್ತಿರ್ತಾರೆ.

ಈಗ ಬೆನ್ನು. ಬಟ್ಟೆ ಮೇಲಿನ ಸುಕ್ಕು ಓದೋದು ಕಲಿತ್ರೆ ಅರ್ಧ ಕೆಲಸ ಆಯ್ತು. ಅಡ್ಡಡ್ಡ ಎಳೆದ ಹಾಗೆ ಗೆರೆ ಬಿದ್ರೆ ಆ ಜಾಗದಲ್ಲಿ ಬಿಗಿ, ಮೇಲಿಂದ ಕೆಳಗೆ ಮಡಿಕೆ ತೂಗ್ತಿದ್ರೆ ಅಲ್ಲಿ ಬಟ್ಟೆ ಜಾಸ್ತಿ. ಕಾಲರ್ ಕೆಳಗೆ ಬೆನ್ನಿನ ಮೇಲ್ಭಾಗದಲ್ಲಿ ಸುರುಳಿ ಸುತ್ತಿದ ಹಾಗೆ ಒಂದು ಉಬ್ಬು ಬರತ್ತೆ ನೋಡಿ, ಅದೊಂದು ಮಾತ್ರ ಬೇರೆ, ಅದು ಬಿಗಿ ಆಗಿ ಬರೋದಲ್ಲ, ಅಲ್ಲಿ ಬಟ್ಟೆ ಉದ್ದ ಹೆಚ್ಚಾಗಿರತ್ತೆ, ಟೇಲರ್ ಹತ್ರ ಕಾಲರ್ ಬಿಚ್ಚಿಸಿ ಸ್ವಲ್ಪ ಕೆಳಗೆ ಕೂರಿಸಿದ್ರೆ ಹೋಗತ್ತೆ. ಕೋಟಿನ ಕಾಲರ್ ಶರ್ಟಿನ ಕಾಲರ್‌ಗೆ ಅಂಟ್ಕೊಂಡೇ ಇರಬೇಕು, ನಡುವೆ ಬೆರಳು ತೂರೋ ಸಂದು ಕಂಡ್ರೆ ಅದು ನಿಮ್ಮ ಕೋಟಲ್ಲ, ಯಾರದ್ದೋ ಇಸ್ಕೊಂಡು ಬಂದ ಹಾಗಿರತ್ತೆ. ಹಿಂದಿನ ಸೀಳು ಸುಮ್ನೆ ನಿಂತಾಗಲೇ ಬಾಯಿ ಬಿಟ್ಕೊಂಡಿದ್ರೆ ಕುಂಡಿ ಹತ್ರ ಬಿಗಿ ಆಗಿದೆ, ಅಲ್ಲಿ ಬಿಡಿಸಬೇಕು. ಇಷ್ಟನ್ನೂ ನಿಮಗೆ ನೀವೇ ನೋಡ್ಕೊಳ್ಳೋಕೆ ಆಗಲ್ಲ, ಕತ್ತು ತಿರುಗಿಸಿದ ತಕ್ಷಣ ಕೋಟೂ ತಿರುಗತ್ತೆ. ಟ್ರಯಲ್‌ಗೆ ಹೋಗುವಾಗ ಮುಲಾಜಿಲ್ಲದೆ ಮಾತಾಡೋ ಒಬ್ಬರನ್ನ ಕರ್ಕೊಂಡು ಹೋಗಿ, ಹೆಂಡತಿನೋ ಅಕ್ಕನೋ ಯಾರಾದ್ರೂ ಸರಿ, ಇಲ್ಲಾಂದ್ರೆ ಮೊಬೈಲಲ್ಲಿ ಹಿಂದಿನಿಂದ ಒಂದು ಫೋಟೋ ತೆಗೆಸ್ಕೊಳ್ಳಿ.

ಮುಂದಿನ ಕಡೆ ಗುಂಡಿ ಹಾಕಿ ನೋಡಿ. ಗುಂಡಿ ಸುತ್ತ ಎಕ್ಸ್ ಆಕಾರದಲ್ಲಿ ಸುಕ್ಕು ಎದ್ದು ಕಂಡ್ರೆ ಬಿಗಿ. ಹೊಟ್ಟೆಗೂ ಗುಂಡಿಗೂ ಮಧ್ಯೆ ಒಂದು ಮುಷ್ಟಿ ಆರಾಮಾಗಿ ಹೋಗಿ ತಿರುಗಾಡ್ತು ಅಂದ್ರೆ ಸಡಿಲ. ಎರಡು ಗುಂಡಿ ಕೋಟಲ್ಲಿ ಮೇಲಿಂದು ಮಾತ್ರ ಹಾಕೋದು, ಮೂರು ಗುಂಡಿ ಇದ್ರೆ ಮಧ್ಯದ್ದು, ಬೇಕಾದ್ರೆ ಮೇಲಿಂದೂ ಹಾಕಿ, ಕೆಳಗಿಂದು ಯಾವತ್ತೂ ಬೇಡ. ಇಂಗ್ಲೆಂಡಿನ 7ನೇ ಎಡ್ವರ್ಡ್ ರಾಜನ ಹೊಟ್ಟೆ ದಪ್ಪ ಇತ್ತು ಅದಕ್ಕೆ ಆ ಪದ್ಧತಿ ಬಂತು ಅಂತ ಒಂದು ಕಥೆ ಓಡಾಡತ್ತೆ, ಅದು ಇರಲಿ, ಈಗ ಕೋಟು ಕತ್ತರಿಸೋದೇ ಕೆಳಗಿನ ಗುಂಡಿ ಬಿಟ್ಟಿರ್ತಾರೆ ಅನ್ನೋ ಲೆಕ್ಕದಲ್ಲಿ, ಹಾಕಿದ್ರೆ ಸೊಂಟದ ಹತ್ರ ಎಳೆಯತ್ತೆ. ಕೂತ್ಕೊಳ್ಳುವಾಗ ಹಾಕಿರೋ ಗುಂಡೀನೂ ಬಿಚ್ಚಿ ಕೂತ್ಕೊಳ್ಳಿ.

ಕಂಕುಳಿನ ವಿಷಯದಲ್ಲಿ ಎಲ್ಲರೂ ತಪ್ಪು ತಿಳ್ಕೊಂಡಿದಾರೆ. ಸ್ವಲ್ಪ ದೊಡ್ಡದು ಇಡಿ ಕೈ ಆಡಿಸೋಕೆ ಆರಾಮ ಇರತ್ತೆ ಅಂತಾರೆ, ಆಗೋದು ತದ್ವಿರುದ್ಧ, ಕಂಕುಳು ಕೆಳಗೆ ಇಳಿದಷ್ಟೂ ನೀವು ಕೈ ಎತ್ತಿದಾಗ ಇಡೀ ಕೋಟೇ ಕೈ ಜೊತೆ ಮೇಲೆ ಬರತ್ತೆ. ಚುಚ್ಚದೆ ಇರೋಷ್ಟು ಮೇಲೆ ಇದ್ರೆ ಕೈ ಮಾತ್ರ ಆಡತ್ತೆ, ಕೋಟು ಕೂತಲ್ಲೇ ಇರತ್ತೆ. ತೋಳಿನ ಉದ್ದಕ್ಕೆ ಬಂದ್ರೆ ಶರ್ಟಿನ ಕಫ್ ಮಣಿಕಟ್ಟು ಮುಗಿದು ಹೆಬ್ಬೆರಳು ಶುರುವಾಗೋ ಜಾಗಕ್ಕೆ ಬರಬೇಕು, ಕೋಟು ಅದಕ್ಕಿಂತ ಅರ್ಧ ಇಂಚು ಮೇಲೆ ನಿಲ್ಲಬೇಕು. ತೋಳಿನ ತುದೀಲಿ ನಿಜವಾಗ್ಲೂ ಬಿಚ್ಚೋ ಗುಂಡಿ ಬೇಕು ಅನ್ನೋರು ಕೊನೇ ಟ್ರಯಲ್ ಮುಗಿಯೋ ತನಕ ಕಾಜ ಕತ್ತರಿಸೋಕೆ ಬಿಡಬೇಡಿ, ಒಂದ್ಸಲ ಕತ್ತರಿಸಿದ್ರೆ ಆಮೇಲೆ ತುದಿಯಿಂದ ಗಿಡ್ಡ ಮಾಡೋಕೆ ಆಗಲ್ಲ. ಶರ್ಟಿನ ಕಾಲರ್ ಗುಂಡಿ ಹಾಕಿದ ಮೇಲೆ ಎರಡು ಬೆರಳು ಹೋಗಬೇಕು, ಅಷ್ಟೇ.

ಅಳತೆ ಕೊಡೋಕೆ ಹೋಗುವಾಗ ಹೆಂಗೆ ಹೋಗ್ತೀರಿ ಅನ್ನೋದೇ ದೊಡ್ಡ ವಿಷಯ. ನಮ್ಮ ದೊಡ್ಡ ಮಗ ಇಂಟರ್ವ್ಯೂಗೆ ಅಂತ ಪ್ಯಾಂಟ್ ಹೊಲಿಸೋಕೆ ತೆಳ್ಳಗಿನ ಚಪ್ಪಲಿ ಹಾಕ್ಕೊಂಡು ಹೋಗಿ ಅಳತೆ ಕೊಟ್ಟು ಬಂದ, ಆ ಟೇಲರ್ರೂ ಶೂ ಎಲ್ಲಪ್ಪಾ ಅಂತ ಒಂದು ಮಾತು ಕೇಳಲಿಲ್ಲ, ಬೆಳಗ್ಗೆ ಶೂ ಹಾಕ್ಕೊಂಡ್ರೆ ಹಿಮ್ಮಡಿ ಎತ್ತರಕ್ಕೆ ಪ್ಯಾಂಟು ಮೇಲೆ ಹೋಗಿ ಕಾಲುಚೀಲ ಪೂರ್ತಿ ಕಾಣ್ತಿದೆ. ಬಿಚ್ಚಿ ಇಳಿಸೋಣ ಅಂದ್ರೆ ಒಳಗೆ ಅರ್ಧ ಇಂಚೂ ಬಟ್ಟೆ ಬಿಟ್ಟಿಲ್ಲ! ಆವತ್ತಿಂದ ನಮ್ಮನೇಲಿ ಒಂದು ರೂಲು, ಯಾವ ಶೂ ಹಾಕ್ತೀರೋ ಅದೇ ಶೂ, ಯಾವ ಶರ್ಟ್ ಹಾಕ್ತೀರೋ ಅಂಥದ್ದೇ ಶರ್ಟ್ ಹಾಕ್ಕೊಂಡು ಹೋಗಬೇಕು, ಸ್ವೆಟರ್ ಮೇಲೆ ಅಳತೆ ಕೊಡಬಾರದು, ಜೇಬಲ್ಲಿ ಪರ್ಸು ಮೊಬೈಲು ತುಂಬ್ಕೊಂಡು ನಿಲ್ಲಬಾರದು, ಹೊಟ್ಟೆ ಒಳಗೆ ಎಳ್ಕೋಬಾರದು. ಪ್ಯಾಂಟಿಗೆ ಸೊಂಟದ ಹಿಂದಿನ ಹೊಲಿಗೆಯಲ್ಲಿ ಒಂದೂವರೆ ಇಂಚು, ಕೆಳಗೆ ಮಡಚೋ ಕಡೆ ಎರಡು ಇಂಚು ಮಾರ್ಜಿನ್ ಬಿಡಿ ಅಂತ ಬಾಯಿಬಿಟ್ಟು ಹೇಳಿ. ಕಾಟನ್ ಬಟ್ಟೆ ಆದ್ರೆ ಹೊಲಿಯೋ ಮುಂಚೆ ನೀರಲ್ಲಿ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿ ಕೊಡಿ, ಕುಗ್ಗೋದು ಅಲ್ಲೇ ಕುಗ್ಗಲಿ. ಉಣ್ಣೆ ಬಟ್ಟೆಗೆ ಮಾತ್ರ ಮನೇಲಿ ಈ ಪ್ರಯೋಗ ಬೇಡ.

ಪ್ಯಾಂಟ್ ಹಾಕ್ಕೊಂಡು ನಿಂತು ನೋಡಿದ್ರೆ ಸಾಲದು, ಕುರ್ಚಿ ಮೇಲೆ ಕೂರಿ, ಬಗ್ಗಿ ಲೇಸ್ ಕಟ್ಟಿ. ಪಕ್ಕದ ಜೇಬು ಕಿವಿ ನಿಗುರಿಸಿದ ಹಾಗೆ ಆಚೆ ಬಂದ್ರೆ ಕುಂಡಿ ಹತ್ರ ಬಿಗಿ. ಕೆಳಗೆ ಶೂ ಮೇಲೆ ಒಂದು ಸಣ್ಣ ಮುರಿತ ಬಿದ್ರೆ ಸಾಕು, ಬಾಟಮ್ ಚಿಕ್ಕದಿದ್ರೆ ಅದೂ ಬೇಡ, ಸುಮ್ನೆ ಮುಟ್ಟಿದ ಹಾಗಿದ್ರೆ ಸಾಕು. ಗುಡ್ಡೆ ಬಿದ್ದ ಹಾಗೆ ಎರಡು ಮೂರು ಮಡಿಕೆ ಕೂತ್ರೆ ಎಷ್ಟು ದುಬಾರಿ ಬಟ್ಟೆ ಆದ್ರೂ ಅಣ್ಣನ ಪ್ಯಾಂಟ್ ತಮ್ಮ ಹಾಕಿದ ಹಾಗೇ ಕಾಣೋದು.

ಬಣ್ಣದ ಬಗ್ಗೆ ಜನ ತಲೆ ಕೆಡಿಸ್ಕೊಳ್ಳೋದು ಜಾಸ್ತಿ, ನನ್ನ ಕೇಳಿದ್ರೆ ಫಿಟಿಂಗ್ ಸರಿ ಇದ್ರೆ ಬಣ್ಣ ಅರ್ಧ ತಾನಾಗೇ ಸರಿಹೋಗತ್ತೆ. ಮೊದಲನೇ ಸೂಟ್ ನೇವಿ ಬ್ಲೂ ಇಲ್ಲಾ ಗ್ರೇ ತಗೊಳ್ಳಿ, ಎರಡಕ್ಕೂ ಬಿಳಿ, ತಿಳಿನೀಲಿ ಶರ್ಟು ಕಣ್ಮುಚ್ಚಿ ಹೊಂದತ್ತೆ. ಬಟ್ಟೆ ಆರಿಸುವಾಗ ಅಂಗಡಿಯಿಂದ ಆಚೆ ತಂದು ಹಗಲು ಬೆಳಕಲ್ಲಿ ನೋಡಿ, ಟ್ಯೂಬ್‌ಲೈಟಲ್ಲಿ ನೇವಿಗೂ ಕಪ್ಪಿಗೂ ವ್ಯತ್ಯಾಸ ಗೊತ್ತಾಗಲ್ಲ, ನಮ್ಮ ಯಜಮಾನ್ರು ನೇವಿ ಕೋಟಿಗೆ ಕಪ್ಪು ಪ್ಯಾಂಟ್ ಹಾಕ್ಕೊಂಡು ಒಂದಿಡೀ ಮದುವೆ ಓಡಾಡಿದಾರೆ. ಬೆಲ್ಟು ಶೂ ಒಂದೇ ಬಣ್ಣದ ಕುಟುಂಬದಲ್ಲಿರಲಿ, ಕಾಲುಚೀಲ ಶೂಗಲ್ಲ, ಪ್ಯಾಂಟಿಗೆ ಮ್ಯಾಚ್ ಆಗಬೇಕು, ಕೂತಾಗ ಮೀನಖಂಡದ ಚರ್ಮ ಕಾಣದಷ್ಟು ಉದ್ದ ಇರಬೇಕು. ಶರ್ಟಲ್ಲೂ ಟೈಯಲ್ಲೂ ಗೆರೆ ಇದ್ರೆ ಒಂದು ಸಣ್ಣದು ಒಂದು ದಪ್ಪದು ಇರಲಿ, ಎರಡೂ ಒಂದೇ ಅಳತೆ ಇದ್ರೆ ನೋಡೋರಿಗೆ ಕಣ್ಣು ಕುಕ್ಕತ್ತೆ. ಟೈ ತುದಿ ಬೆಲ್ಟಿನ ಬಕಲ್ ಹತ್ರ ಮುಗೀಲಿ. ಟೈ ಬಟ್ಟೇಲೇ ಮಾಡಿದ ಕರ್ಚೀಫ್ ಸೆಟ್ ಸಿಗತ್ತಲ್ಲ, ಅದನ್ನ ಒಟ್ಟಿಗೆ ಹಾಕ್ಬೇಡಿ ಮಾರಾಯ್ರೆ, ಬಿಳಿ ಕರ್ಚೀಫ್ ಸಾಕು.

ಸೂಟ್ ಬಟ್ಟೆ ಮಿಕ್ಕಿದ್ರೆ ಇನ್ನೊಂದು ಪ್ಯಾಂಟ್ ಹೊಲಿಸಿ ಇಟ್ಕೊಳ್ಳಿ, ಕೋಟಿಗಿಂತ ಪ್ಯಾಂಟೇ ಮೊದಲು ಸವೆಯೋದು. ಡ್ರೈಕ್ಲೀನಿಂಗಿಗೆ ಕೊಟ್ರೆ ಎಲ್ಲಾ ಒಟ್ಟಿಗೆ ಕೊಡಿ, ಇಲ್ಲಾಂದ್ರೆ ಬಣ್ಣ ಒಂದೊಂದು ಒಂದೊಂದು ಥರ ಆಗತ್ತೆ, ಅದೂ ಪ್ರತಿ ಸಲ ಹಾಕಿದಾಗ ಕೊಡೋದಲ್ಲ, ಬ್ರಷ್ ಮಾಡಿ ಭುಜ ಅಗಲ ಇರೋ ಹ್ಯಾಂಗರಿಗೆ ಹಾಕಿ ಒಂದಿನ ಗಾಳಿಗೆ ಬಿಡಿ ಸಾಕು. ಹೊಸ ಕೋಟು ಮನೆಗೆ ಬಂದ ದಿನ ಹಿಂದಿನ ಸೀಳಿಗೆ ಹಾಕಿರೋ ಎಕ್ಸ್ ದಾರ, ತೋಳಿನ ಮೇಲಿನ ಲೇಬಲ್ಲು, ಜೇಬಿನ ಬಾಯಿಗೆ ಹಾಕಿರೋ ಕಚ್ಚಾ ಹೊಲಿಗೆ ಎಲ್ಲಾ ಬಿಚ್ಚಬೇಕು, ಅವು ಅಂಗಡೀಲಿ ಆಕಾರ ಕೆಡದೆ ಇರಲಿ ಅಂತ ಹಾಕಿರೋದು. ನನ್ನ ಮೈದುನ ಎರಡು ವರ್ಷ ಅದು ಶೋಗೆ ಇಟ್ಟಿರೋ ಜೇಬು ಅಂದ್ಕೊಂಡು ಪರ್ಸು ಕೈಯಲ್ಲೇ ಹಿಡ್ಕೊಂಡು ಓಡಾಡ್ತಿದ್ದ.