ಹಾಳೆ ಒಪ್ಪಿತು, ಕಾಕ್ ಒಪ್ಪಲಿಲ್ಲ

ಟೈಪ್ ಥಿಯರಿಯಲ್ಲಿ ಸಂಶೋಧನೆ ಎಂದಾಗ ನಮ್ಮತ್ತೆ, ಜೂನಿಯರ್ ಸೀನಿಯರ್ ಎರಡೂ ಪಾಸಾಯ್ತಾ ಎಂದು ಕೇಳಿದ್ದರು. ಆ ಟೈಪಿಂಗ್ ಅಲ್ಲ ಅತ್ತೆ. ಸಂಖ್ಯೆ ಬೇಕಾದ ಕಡೆ ಅಕ್ಷರ ಕೊಟ್ಟರೆ ಪ್ರೋಗ್ರಾಂ ಓಡುವ ಮೊದಲೇ ಹಿಡಿದುಹಾಕುವ ನಿಯಮಗಳು ಇವು. ನಿಯಮ ಬರೆದರೆ ಸಾಲದು, ಅವು ಕೈಕೊಡುವುದಿಲ್ಲ ಎಂದು ಪ್ರೂಫ್ ಕೊಡಬೇಕು. ಸಾಮಾನ್ಯವಾಗಿ ಹಿಡಿಯುವುದು ರೈಟ್ ಮತ್ತು ಫೆಲೈಸನ್ ಎಂಬ ಸಂಶೋಧಕರು 1994ರಲ್ಲಿ ತೋರಿಸಿದ ದಾರಿ: ಟೈಪ್ ಸರಿಯಿರುವ ಪ್ರೋಗ್ರಾಂ ಮಧ್ಯದಲ್ಲಿ ಸಿಕ್ಕಿಕೊಳ್ಳಬಾರದು, ಒಂದು ಹೆಜ್ಜೆ ಮುಂದೆ ಹೋದ ಮೇಲೂ ಟೈಪ್ ಅದೇ ಇರಬೇಕು.

ನನ್ನ ಪುಟ್ಟ ಪ್ರೋಗ್ರಾಮಿಂಗ್ ಭಾಷೆಗೆ ಇದನ್ನು ಹಾಳೆಯ ಮೇಲೆ ಎರಡೇ ಪುಟದಲ್ಲಿ ಮುಗಿಸಿದ್ದೆ. ಕಷ್ಟ ಬಂದಲ್ಲೆಲ್ಲ 'ಉಳಿದದ್ದೂ ಹೀಗೆಯೇ' ಅಂತ. ಆಮೇಲೆ ಅದನ್ನೇ ಕಾಕ್‌ನಲ್ಲಿ, ಅಂದರೆ ಪ್ರೂಫಿನ ಪ್ರತಿ ಹೆಜ್ಜೆಯನ್ನೂ ಪರೀಕ್ಷಿಸುವ ಸಾಫ್ಟ್‌ವೇರ್‌ನಲ್ಲಿ, ಬರೆಯಲು ಕೂತೆ. ಅದರ ಹೆಸರು ಈಗ ರಾಕ್, ನನ್ನ ಬಾಯಿಗೆ ಇನ್ನೂ ಹಳೆಯದೇ ಬರುತ್ತದೆ. ಕಾಕ್ ಹತ್ತಿರ 'ಹೀಗೆಯೇ' ನಡೆಯಲ್ಲ.

ಸಿಕ್ಕಿಬಿದ್ದಿದ್ದು ಸಬ್‌ಸ್ಟಿಟ್ಯೂಷನ್ ಲೆಮ್ಮಾದಲ್ಲಿ, ಅಂದರೆ ದೊಡ್ಡ ಪ್ರೂಫಿಗೆ ಬೇಕಾದ ಒಂದು ಸಣ್ಣ ಪ್ರೂಫಿನಲ್ಲಿ. ವೇರಿಯಬಲ್ ಇದ್ದ ಜಾಗಕ್ಕೆ ಅದೇ ಟೈಪಿನ ಬೆಲೆ (ವ್ಯಾಲ್ಯೂ) ಹಾಕಿದರೆ ಒಟ್ಟು ಟೈಪ್ ಕೆಡುವುದಿಲ್ಲ, ಅಷ್ಟೇ ಮಾತು. ಆದರೆ ಫಂಕ್ಷನ್ ಒಳಗೆ ಕಾಲಿಟ್ಟ ತಕ್ಷಣ ಹೊಸ ವೇರಿಯಬಲ್ ಒಂದು ಸೇರಿ, ಯಾವುದಕ್ಕೆ ಯಾವ ಟೈಪ್ ಎಂಬ ಪಟ್ಟಿ ಬೆಳೆಯುತ್ತದೆ, ನನ್ನ ಇಂಡಕ್ಷನ್ ಹೈಪಾಥಿಸಿಸ್ (ಚಿಕ್ಕ ಭಾಗಗಳಿಗೆ ಮಾತು ನಿಜ ಎಂದು ಹಿಡಿದುಕೊಳ್ಳುವ ಊಹೆ) ನೋಡಿದರೆ ಹಳೆಯ ಪಟ್ಟಿ ಬಿಟ್ಟು ಬೇರೆ ಯಾವುದಕ್ಕೂ ಒಗ್ಗುತ್ತಿಲ್ಲ. ಮೂರು ದಿನ ಸುಮ್ನೆ ಡೆಫಿನಿಷನ್‌ಗಳನ್ನೇ ತಿದ್ದಿದೆ. ತಪ್ಪು ಇದ್ದದ್ದು ಮೊದಲ ಸಾಲಿನಲ್ಲಿ! ಇಂಡಕ್ಷನ್ ಶುರು ಮಾಡುವ ಮೊದಲೇ ಇಂಟ್ರೋಸ್ ಎಂಬ ಕಮಾಂಡ್ ಹೊಡೆದು ಪಟ್ಟಿಯನ್ನು ಒಂದಕ್ಕೇ ಕಟ್ಟಿಹಾಕಿದ್ದೆ. ಜನರಲೈಜ್ ಡಿಪೆಂಡೆಂಟ್ ಎಂಬ ಒಂದು ಸಾಲು ಸೇರಿಸಿದೆ, 'ಯಾವ ಪಟ್ಟಿಯಾದರೂ' ಎಂದಾಯಿತು, ಗಂಟು ಬಿಚ್ಚಿಕೊಂಡಿತು.

ಮುಂದಿನ ತಲೆನೋವು ಹೆಸರುಗಳದ್ದು. ಒಂದೇ ಹೆಸರಿನ ಎರಡು ವೇರಿಯಬಲ್ ಬಂದರೆ ಗೊಂದಲ, ಅಲ್ವಾ? ಡಚ್ ಗಣಿತಜ್ಞ ಡಿ ಬ್ರಾಯ್ನ್ 1972ರಲ್ಲೇ ಉಪಾಯ ಕೊಟ್ಟಿದ್ದರು. ಹೆಸರೇ ಬೇಡ, ಎಷ್ಟು ಫಂಕ್ಷನ್ ಆಚೆ ಹುಟ್ಟಿದ್ದು ಎಂದು ಎಣಿಸಿ. ಚೆಂದದ ಉಪಾಯ, ಓದುವುದು ಮಾತ್ರ ಹಿಂಸೆ. ಬೆಲೆಯನ್ನು ಫಂಕ್ಷನ್ ಒಳಗೆ ಒಯ್ಯುವಾಗ ಹೊರಗಿನ ವೇರಿಯಬಲ್‌ಗಳ ಸಂಖ್ಯೆಯನ್ನಷ್ಟೇ ಒಂದು ಏರಿಸಬೇಕು. ನಾನು ಒಳಗಿನವನ್ನೂ ಏರಿಸಿಬಿಟ್ಟಿದ್ದೆ. ಪರದೆಯ ಮೇಲೆ 0 = 1 ಸಾಧಿಸು ಎಂದು ಬಂತು. ರಾತ್ರಿ ಹನ್ನೊಂದಕ್ಕೆ ಅದನ್ನೂ ಸಾಧಿಸಬಹುದೇನೋ ಎಂದು ಐದು ನಿಮಿಷ ನೋಡಿದ್ದು ನಿಜ.

ಈಗ ವಿದ್ಯಾರ್ಥಿಗಳಿಗೂ ಇದೇ ಲೆಮ್ಮಾ ಕೊಡುತ್ತೇನೆ, ಇಂಟ್ರೋಸ್ ವಿಷಯ ಹೇಳುವುದಿಲ್ಲ. ಎರಡನೇ ದಿನ ಸಂಜೆ ಹೊತ್ತಿಗೆ ಕಾಕ್‌ನಲ್ಲೇ ಬಗ್ ಇದೆ ಸಾರ್ ಎಂದು ಯಾರಾದರೂ ಬಂದೇ ಬರುತ್ತಾರೆ.