ಓಡಿದ್ದು 21 ಕಿಲೋಮೀಟರ್, ಬೆವರಿದ್ದು ದುಡ್ಡು ಕೇಳುವಾಗ

"ಓಡೋದು ನೀನು, ದುಡ್ಡು ಕೊಡೋದು ನಾವಾ?" ಅಂತ ಶಿವಮೊಗ್ಗದಿಂದ ಅಪ್ಪ ಫೋನಿನಲ್ಲಿ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಲಂಡನ್ನಿಗೆ ಬಂದು ಹನ್ನೊಂದು ವರ್ಷವಾದರೂ ಈ ಪದ್ಧತಿ ನನಗೇ ಪೂರ್ತಿ ಅರ್ಥವಾಗಿರಲಿಲ್ಲ. ಆಫೀಸಿನಲ್ಲಿ ಯಾರೋ ಒಬ್ಬರು ಓಡುತ್ತಾರೆ, ಮಿಕ್ಕವರು ಐದೋ ಹತ್ತೋ ಪೌಂಡ್ ಹಾಕುತ್ತಾರೆ, ಅದು ಚಾರಿಟಿಗೆ ಹೋಗುತ್ತದೆ. ನಾನೂ ಸುಮ್ನೆ ಹಾಕುತ್ತಿದ್ದೆ. ಕೇಳುವ ಸರದಿ ನನ್ನದಾದಾಗ ಮಾತ್ರ ಗಂಟಲು ಕಟ್ಟಿತು.

ನಾನು ಓಡಿದ್ದು ಲಂಡನ್ ಲ್ಯಾಂಡ್‌ಮಾರ್ಕ್ಸ್ ಹಾಫ್ ಮ್ಯಾರಥಾನ್. 2018ರಲ್ಲಿ ಶುರುವಾದದ್ದು, ಮಾರ್ಚ್ ಕೊನೆಗೋ ಏಪ್ರಿಲ್ ಮೊದಲಿಗೋ ಬರುತ್ತದೆ. ನಡೆಸುವುದು ಟಾಮೀಸ್ ಅನ್ನುವ ಚಾರಿಟಿ. ಗರ್ಭ ನಿಲ್ಲದೆ ಹೋಗುವುದು, ಹೊಟ್ಟೆಯಲ್ಲೇ ಮಗು ತೀರಿಕೊಳ್ಳುವುದು, ದಿನ ತುಂಬುವ ಮೊದಲೇ ಹೆರಿಗೆಯಾಗುವುದು, ಇವುಗಳ ಬಗ್ಗೆ ಸಂಶೋಧನೆ ಮಾಡಿಸುವವರು. ನನ್ನ ಮಗ ಹುಟ್ಟಿದ್ದು 29ನೇ ವಾರಕ್ಕೆ. ಈಗ ಏಳು ವರ್ಷ, ಒಂದು ನಿಮಿಷ ಕೂತಲ್ಲಿ ಕೂರುವುದಿಲ್ಲ. ಲಾಟರಿಯಲ್ಲಿ ಸೀಟು ಸಿಗಲಿಲ್ಲ, ಹಾಗಾಗಿ ಚಾರಿಟಿ ಸೀಟು ತೆಗೆದುಕೊಂಡೆ. ಅಂದರೆ ಇಂತಿಷ್ಟು ದುಡ್ಡು ಕೂಡಿಸಿ ಕೊಡುತ್ತೇನೆ ಅಂತ ಒಪ್ಪಿಕೊಳ್ಳುವುದು. ನನ್ನ ಪಾಲಿಗೆ 400 ಪೌಂಡ್.

ತರಬೇತಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹದಿನಾಲ್ಕು ವಾರ, ವಾರಕ್ಕೆ ಮೂರು ಓಟ, ಅದರಲ್ಲಿ ಎರಡು ಸಣ್ಣವು, ಭಾನುವಾರ ಒಂದು ಉದ್ದದ್ದು. ಡಿಸೆಂಬರಿನಲ್ಲಿ ಇಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು, ಹಣೆಗೆ ಲೈಟು ಕಟ್ಟಿಕೊಂಡು ಓಡುವಾಗ ರಾತ್ರಿ ಗದ್ದೆಗೆ ನೀರು ಕಟ್ಟಲು ಹೊರಟ ಹಾಗಿರುತ್ತದೆ. ನಮ್ಮ ಮನೆ ಪಟ್ನಿಯಲ್ಲಿ, ಥೇಮ್ಸ್ ದಂಡೆಗೆ ಹತ್ತಿರ. ಉದ್ದದ ಓಟಕ್ಕೆ ನದಿ ಪಕ್ಕದಲ್ಲೇ ಬ್ಯಾಟರ್ಸೀ, ವಾಕ್ಸ್‌ಹಾಲ್ ದಾಟಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಬಸವಣ್ಣನ ಪ್ರತಿಮೆಯವರೆಗೆ ಹೋಗಿ, ಅಲ್ಲಿ ನೀರು ಕುಡಿದು ವಾಪಸ್ಸು. 2015ರ ನವೆಂಬರಿನಲ್ಲಿ ಪ್ರಧಾನಿ ಮೋದಿ ಅನಾವರಣ ಮಾಡಿದ ಪ್ರತಿಮೆ ಅದು. ಹೋಗಿಬರಲು ಹದಿನೇಳು ಕಿಲೋಮೀಟರ್ ಹತ್ತಿರವಾಗುತ್ತದೆ. ರೇಸಿಗೆ ಮೊದಲು ಅದಕ್ಕಿಂತ ಜಾಸ್ತಿ ಓಡಲಿಲ್ಲ, ಬೇಕಾಗಲೂ ಇಲ್ಲ.

ಒಂದು ಭಾನುವಾರ ಬೇಸರವಾಗಿ ಎದುರು ದಿಕ್ಕಿಗೆ, ಹ್ಯಾಮರ್‌ಸ್ಮಿತ್ ಕಡೆಗೆ ಹೋದೆ. ಬರುವಾಗ ಪಟ್ನಿಯಲ್ಲಿ ನದಿ ರಸ್ತೆಗೇ ಬಂದು ಕೂತಿತ್ತು. ಥೇಮ್ಸ್ ಇಲ್ಲಿಯವರೆಗೂ ಸಮುದ್ರದ ಉಬ್ಬರಕ್ಕೆ ಏರುತ್ತದೆ, ಹುಣ್ಣಿಮೆ ಅಮಾವಾಸ್ಯೆಯ ಆಚೆ ಈಚೆ ಜೋರು. ತುಂಗೆ ಮಳೆಗೆ ಉಕ್ಕುವುದನ್ನು ನೋಡಿ ಬೆಳೆದವಳಿಗೆ ಬಿಸಿಲಿನ ದಿನ ನದಿ ತುಂಬುವುದು ತಲೆಗೇ ಹೋಗಿರಲಿಲ್ಲ. ಶೂ ಒಣಗಲು ಎರಡು ದಿನ. ಆಮೇಲಿಂದ ಅಮ್ಮ ಕೊಟ್ಟುಕಳಿಸಿದ ಒಂಟಿಕೊಪ್ಪಲ್ ಪಂಚಾಂಗ ನೋಡಿಯೇ ಆ ಕಡೆ ಕಾಲಿಡುತ್ತಿದ್ದೆ.

ಇನ್ನು ದುಡ್ಡಿನ ಕಥೆ. ಮೊದಲು ಕನ್ನಡದವರ ವಾಟ್ಸಾಪ್ ಗ್ರೂಪಿಗೆ ಚಾರಿಟಿಯವರು ಕೊಟ್ಟ ಇಂಗ್ಲಿಷ್ ಮೆಸೇಜನ್ನೇ ಲಿಂಕ್ ಸಮೇತ ಹಾಕಿದೆ. ನೂರಾ ಎಪ್ಪತ್ತು ಜನರ ಗ್ರೂಪು, ಕೈಮುಗಿಯುವ ಚಿಹ್ನೆ ಇಪ್ಪತ್ತಾರು, ದುಡ್ಡು ಬಂದಿದ್ದು ಇಬ್ಬರಿಂದ. ಮೂರು ವಾರ ಹಾಗೇ ಕಳೆಯಿತು. ಒಂದು ರಾತ್ರಿ ಅಮ್ಮನ ಹತ್ತಿರ ಅತ್ತುಕೊಂಡೆ. ಅವಳು, "ಅಯ್ಯೋ, ಇದು ಮುಯ್ಯಿ ತಾನೇ? ಮದುವೆ ಮನೇಲಿ ಓದಿಸಲ್ವಾ, ಹಾಗೇ. ಮಗು ಉಳೀತು ಅಂತ ಹೇಳಿ ಕೇಳು. ಓಡ್ತೀನಿ ಅಂತ ಯಾಕೆ ಕೇಳ್ತೀಯ?" ಅಂದಳು.

ಮಾರನೇ ದಿನ ಕನ್ನಡದಲ್ಲೇ ಬರೆದೆ. ಮಗ ಹುಟ್ಟಿದಾಗ ಒಂದು ಕಿಲೋ ಇನ್ನೂರು ಗ್ರಾಂ ಇದ್ದದ್ದು, ಗಾಜಿನ ಪೆಟ್ಟಿಗೆಯ ತೂತಿನೊಳಗೆ ಕೈ ಹಾಕಿ ಅವನ ಕಾಲು ಮುಟ್ಟುತ್ತಿದ್ದದ್ದು, ಏಳು ವಾರ ಆಸ್ಪತ್ರೆಗೆ ಬಸ್ಸಿನಲ್ಲಿ ಓಡಾಡಿದ್ದು. ಗ್ರೂಪಿಗೆ ಹಾಕದೆ ಒಬ್ಬೊಬ್ಬರಿಗೇ ಕಳಿಸಿದೆ. ಇದೊಂದನ್ನು ನೆನಪಿಡಿ, ಎಲ್ಲರನ್ನೂ ಒಟ್ಟಿಗೆ ಕೇಳಿದರೆ ಯಾರನ್ನೂ ಕೇಳಿದ ಹಾಗಾಗುವುದಿಲ್ಲ. ನಾನು ಎಂದೂ ಮಾತಾಡಿಸದಿದ್ದ ಒಬ್ಬರು ಐವತ್ತು ಪೌಂಡ್ ಹಾಕಿ, "ನಮ್ಮದು ಉಳಿಯಲಿಲ್ಲಮ್ಮ" ಅಂತ ಮಾತ್ರ ಬರೆದಿದ್ದರು. ನಾನು ಆ ದಿನ ಓಡಲು ಹೋಗಲಿಲ್ಲ.

ಗಿಫ್ಟ್ ಏಡ್ ಅಂತ ಒಂದಿದೆ. ಕೊಡುವವರು ಇಲ್ಲಿ ತೆರಿಗೆ ಕಟ್ಟುವವರಾಗಿದ್ದು ದುಡ್ಡು ಹಾಕುವ ಪುಟದಲ್ಲಿ ಅದರ ಚೌಕಕ್ಕೆ ಟಿಕ್ ಮಾಡಿದರೆ, ಪ್ರತಿ ಪೌಂಡಿಗೆ ಸರ್ಕಾರ 25 ಪೆನ್ಸ್ ಸೇರಿಸುತ್ತದೆ. ಕೊಡುವವರ ಜೇಬಿನಿಂದ ಹೆಚ್ಚೇನೂ ಹೋಗುವುದಿಲ್ಲ. ನಮ್ಮವರು ಎಷ್ಟೋ ಜನ ಅದೇನೋ ಅಂತ ಹೆದರಿ ಟಿಕ್ ಮಾಡುವುದಿಲ್ಲ, ಕೇಳುವಾಗಲೇ ಬಿಡಿಸಿ ಹೇಳಿ. ಊರಿನ ದುಡ್ಡಿಗೆ ಅದು ಸಿಗುವುದಿಲ್ಲ. ಆದರೂ ಅಮ್ಮ ಬೀದಿಯವರ ಹತ್ತಿರ 101, 501 ಅಂತ ಕೂಡಿಸಿ, ನನ್ನ ಮದುವೆಯ ಮುಯ್ಯಿ ಪುಸ್ತಕದಲ್ಲೇ ಹೊಸ ಹಾಳೆ ತೆಗೆದು ಹೆಸರು ಬರೆದಿಟ್ಟಳು. ಅಪ್ಪನದು 1,001, ಮೊದಲನೇ ಸಾಲು!

ಓಟದ ದಿನ ಮೂರು ಗಂಟೆ ಮೊದಲೇ ಮೊಸರವಲಕ್ಕಿ ತಿಂದೆ. ಪಾಲ್ ಮಾಲ್‌ನಲ್ಲಿ ಶುರು. ಟಾಯ್ಲೆಟ್ ಸಾಲು ಮಾತ್ರ ಧರ್ಮಸ್ಥಳದ ದರ್ಶನದ ಸಾಲಿನಷ್ಟು ಉದ್ದ, ಬೇಗ ಹೋಗಿ. ಸೇಂಟ್ ಪಾಲ್ಸ್, ಬ್ಯಾಂಕ್ ಆಫ್ ಇಂಗ್ಲೆಂಡ್ ಎಲ್ಲ ನೋಡುತ್ತಾ, ಬ್ಯಾಂಡಿನವರ ತಾಳಕ್ಕೆ ಮೈಮರೆತು ಮೊದಲ ಐದು ಕಿಲೋಮೀಟರ್ ಜಾಸ್ತಿಯೇ ಜೋರಾಗಿ ಓಡಿಬಿಟ್ಟೆ. ಎತ್ತರದ ಕಟ್ಟಡಗಳ ಸಂದಿಯಲ್ಲಿ ವಾಚಿನ ಜಿಪಿಎಸ್ ಹುಚ್ಚುಹುಚ್ಚಾಗಿ ತೋರಿಸುತ್ತದೆ, ಅದನ್ನು ನಂಬಬೇಡಿ, ರಸ್ತೆ ಬದಿಯ ಬೋರ್ಡು ನೋಡಿ. ಟವರ್ ಆಫ್ ಲಂಡನ್ ಕಂಡಾಗ ಯಾರೋ ಕೊಟ್ಟ ಜೆಲ್, ಅಂದರೆ ಓಡುವವರು ಶಕ್ತಿಗೆ ನುಂಗುವ ಸಿಹಿ ಪಾಕ, ನುಂಗಿದೆ, ಹಿಂದೆ ಎಂದೂ ತಿಂದು ನೋಡಿರದ್ದು. ಹತ್ತೇ ನಿಮಿಷಕ್ಕೆ ಹೊಟ್ಟೆ ತಿರುಚಿತು. ಒಂದೂವರೆ ಕಿಲೋಮೀಟರ್ ನಡೆದೆ. ಪಕ್ಕದಲ್ಲಿ ಅನಾನಸ್ ವೇಷದ ಒಬ್ಬರು ನನ್ನನ್ನು ದಾಟಿ ಹೋದರು.

ಎಂಬ್ಯಾಂಕ್‌ಮೆಂಟಿನಲ್ಲಿ ವೆಸ್ಟ್‌ಮಿನ್‌ಸ್ಟರ್ ಸೇತುವೆ ಹತ್ತಿರ ಬಂದಾಗ ಆಚೆ ದಡದಲ್ಲಿ ಸೇಂಟ್ ಥಾಮಸ್ ಆಸ್ಪತ್ರೆ ಕಂಡಿತು. 1992ರಲ್ಲಿ ಟಾಮೀಸ್ ಶುರುವಾದದ್ದು ಅಲ್ಲೇ, ಹೆಸರೂ ಅದರದ್ದೇ. ಮತ್ತೆ ಓಡಲು ಶುರು ಮಾಡಿದೆ. ಡೌನಿಂಗ್ ಸ್ಟ್ರೀಟ್ ಹತ್ತಿರ ಮುಗಿಸಿದಾಗ 2 ಗಂಟೆ 41 ನಿಮಿಷ. ಮಗ ಪದಕ ಕಸಿದುಕೊಂಡು ತನ್ನ ಕೊರಳಿಗೆ ಹಾಕಿಕೊಂಡ, ಇನ್ನೂ ವಾಪಸ್ಸು ಕೊಟ್ಟಿಲ್ಲ.

ಕೊನೆಗೆ ಕೂಡಿದ್ದು 1,130 ಪೌಂಡ್. ಮೊನ್ನೆ ಆಫೀಸಿನಲ್ಲಿ ಜೊತೆಗಿರುವವನೊಬ್ಬ ಚಾರಿಟಿಗಾಗಿ ಸೈಕಲ್ ಹೊಡೆಯುತ್ತೇನೆ ಅಂತ ಲಿಂಕ್ ಕಳಿಸಿದ. ನನ್ನ ಪಟ್ಟಿ ತೆಗೆದು ನೋಡಿದೆ, ಅವನು ಹಾಕಿದ್ದು 20 ಪೌಂಡ್. 25 ಹಾಕಿದೆ.